ಊರ ಹೆಮ್ಮೆಗೆ ರೂಪ ಕೊಟ್ಟ ಶಿಲ್ಪಿ

ದೂರದಿಂದ ಒಂದು ಊರನ್ನು ಸಮೀಪಿಸುವ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಅಲ್ಲಿಯ ಮನೆಗಳಲ್ಲ. ಮನೆಗಳ ಮೇಲೆ ತಲೆಯೆತ್ತಿ ನಿಂತ ಗೋಪುರ, ಶಿಖರ, ಗುಮ್ಮಟಗಳು. ಆ ಊರಿನ ಜನ ಯಾವುದನ್ನು ದೊಡ್ಡದೆಂದು ಬಗೆದಿದ್ದರೆಂಬುದನ್ನು ಅವು ತಾವಾಗಿಯೇ ಸಾರುತ್ತವೆ. ಇಂಗ್ಲೆಂಡಿನಲ್ಲಿ ಬಹುಕಾಲ ಇಂಥ ಔನ್ನತ್ಯವು ಇಗರ್ಜಿಗಳಿಗೂ ಅರಸರ ಕೋಟೆಗಳಿಗೂ ಬಹುಮಟ್ಟಿಗೆ ಮೀಸಲಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಉತ್ತರಭಾಗದ ಕೈಗಾರಿಕಾ ಪಟ್ಟಣಗಳು ಬೆಳೆದಂತೆ ಮತ್ತೊಂದು ಬಗೆಯ ಕಟ್ಟಡವು ಅವುಗಳಿಗೆ ಸರಿಸಮನಾಗಿ ಎದ್ದುನಿಂತಿತು. ಅದು ಅರಸನದಲ್ಲ, ಪುರೋಹಿತನದಲ್ಲ. ತೆರಿಗೆ ಕೊಡುವ ಪುರಜನರದು. ಅದೇ ಪುರಭವನ. ಅಂಥ ಪುರಭವನಗಳಲ್ಲಿ ಅತ್ಯಂತ ಘನವಾದವುಗಳ ಸಾಲಿಗೆ ಸೇರಿದ ಲೀಡ್ಸ್ ಪುರಭವನವನ್ನು ರೂಪಿಸಿದವನು ಕತ್ಬರ್ಟ್ ಬ್ರಾಡ್ರಿಕ್. ರಾಜಧಾನಿಯಾದ ಲಂಡನ್ನಿನಿಂದ ದೂರವಿದ್ದ ಯಾರ್ಕ್‌ಷೈರ್ ಪ್ರಾಂತವೇ ಅವನ ಹುಟ್ಟೂರು, ಅವನ ಕರ್ಮಭೂಮಿ.

ಬ್ರಾಡ್ರಿಕ್ ಹುಟ್ಟಿದ್ದು 1821ರಲ್ಲಿ, ಹಲ್ ಎಂಬ ರೇವುಪಟ್ಟಣದಲ್ಲಿ. ತಂದೆ ಹಡಗುಗಳನ್ನುಳ್ಳ ಸ್ಥಿತಿವಂತ ವರ್ತಕ. ಮಗನಿಗೆ ವ್ಯಾಪಾರದ ಕಡೆಗೆ ಮನಸ್ಸು ಹರಿಯಲಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಕಟ್ಟಡ ಕಲೆಯನ್ನು ಕಲಿಯಬಯಸುವವನು ಕಾಲೇಜಿಗೆ ಸೇರುತ್ತಿರಲಿಲ್ಲ. ಹೆಸರಾಂತ ಶಿಲ್ಪಿಯೊಬ್ಬನ ಕಚೇರಿಯಲ್ಲಿ ಶಿಷ್ಯನಾಗಿ ನಿಂತು, ನಕ್ಷೆಗಳನ್ನು ತಿದ್ದಿ ಬರೆಯುತ್ತ, ಕೆಲಸ ನಡೆಯುವ ಸ್ಥಳಗಳಲ್ಲಿ ಓಡಾಡುತ್ತ ವಿದ್ಯೆಯನ್ನು ಸಂಪಾದಿಸಬೇಕಾಗಿತ್ತು. ಬ್ರಾಡ್ರಿಕ್ ಹಲ್ಲಿನ ಶಿಲ್ಪಿ ಹೆನ್ರಿ ಫ್ರಾನ್ಸಿಸ್ ಲಾಕ್‌ವುಡ್ಡನ ಬಳಿ 1837ರಿಂದ 1844ರವರೆಗೆ, ಏಳು ವರ್ಷ, ಈ ಬಗೆಯ ಗುರುಕುಲವಾಸವನ್ನು ಮಾಡಿದನು.

ಶಿಷ್ಯವೃತ್ತಿ ಮುಗಿದ ಮೇಲೆ ಅವನು ಕೂಡಲೇ ಕಚೇರಿ ತೆರೆದು ಕುಳಿತುಕೊಳ್ಳಲಿಲ್ಲ. ಕಣ್ಣಾರೆ ಕಾಣದೆ ಕಟ್ಟಡವನ್ನು ಅರಿಯಲಾಗದೆಂದು ತಿಳಿದು, ಫ್ರಾನ್ಸ್ ಮತ್ತು ಇಟಲಿ ದೇಶಗಳಲ್ಲಿ ಸಂಚಾರ ಕೈಕೊಂಡನು. ಪುರಾತನ ರೋಮನರು ಬಿಟ್ಟುಹೋದ ಕಂಬಸಾಲುಗಳ ಗಾಂಭೀರ್ಯ, ಪ್ಯಾರಿಸ್ ನಗರದ ಸಾರ್ವಜನಿಕ ಭವನಗಳ ಅಚ್ಚುಕಟ್ಟು, ಇವೆರಡೂ ಅವನ ಮನಸ್ಸಿನಲ್ಲಿ ಆಳವಾಗಿ ಬೇರೂರಿದವು. ಮುಂದೆ ಅವನು ಕಟ್ಟಿದ ಭವನಗಳಲ್ಲೆಲ್ಲ ಈ ಪ್ರವಾಸದ ಫಲ ಕಾಣುತ್ತದೆ. ಊರಿಗೆ ಹಿಂದಿರುಗಿ ಅವನು ಹಲ್ಲಿನಲ್ಲಿ ಸ್ವತಂತ್ರವಾಗಿ ವೃತ್ತಿಯನ್ನು ಆರಂಭಿಸಿದನು. ಅಲ್ಲಿಯ ವಿದ್ಯಾಪ್ರೇಮಿಗಳಿಗಾಗಿ ಕಟ್ಟಿದ ರಾಯಲ್ ಇನ್‌ಸ್ಟಿಟ್ಯೂಷನ್ ಅವನ ಆರಂಭದ ಕೃತಿಗಳಲ್ಲಿ ಮುಖ್ಯವಾದುದು. ಆದರೆ ಅವನ ಹೆಸರನ್ನು ದೇಶಕ್ಕೆಲ್ಲ ತಿಳಿಸಿದ ಅವಕಾಶ ಬಂದದ್ದು ನೆರೆಯ ಲೀಡ್ಸ್ ಪಟ್ಟಣದಿಂದ.

ಆ ಅವಕಾಶದ ಬೆಲೆ ತಿಳಿಯಬೇಕಾದರೆ ಅಂದಿನ ಲೀಡ್ಸಿನ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಏರ್ ನದಿಯ ದಡದಲ್ಲಿದ್ದ ಲೀಡ್ಸ್ ಹಿಂದಿನಿಂದಲೂ ಉಣ್ಣೆಬಟ್ಟೆಯ ವ್ಯಾಪಾರಕ್ಕೆ ಹೆಸರಾದ ಊರು. ಉಗಿಯಂತ್ರ ಬಂದ ಮೇಲೆ ಅಲ್ಲಿ ಗಿರಣಿಗಳೂ ಯಂತ್ರಗಳ ಕಾರ್ಖಾನೆಗಳೂ ಹೆಚ್ಚಿದವು. 1801ರಲ್ಲಿ ಸುಮಾರು 53,000 ಇದ್ದ ಜನಸಂಖ್ಯೆ 1851ರ ವೇಳೆಗೆ 1,70,000ವನ್ನು ದಾಟಿತ್ತು. ಹಳ್ಳಿಗಳಿಂದ ಬಂದ ಕೂಲಿಕಾರರು ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಮನೆಗಳಲ್ಲಿ ವಾಸಿಸುತ್ತಿದ್ದರು. ಬೀದಿಗಳಲ್ಲಿ ಚರಂಡಿಗಳಿರಲಿಲ್ಲ, ಆಕಾಶದಲ್ಲಿ ಹೊಗೆ ಕವಿದಿತ್ತು. 1849ರಲ್ಲಿ ಬಂದ ಕಾಲರಾ ಮಾರಿಯು ಎರಡು ಸಾವಿರಕ್ಕೂ ಮಿಕ್ಕ ಜನರನ್ನು ಬಲಿತೆಗೆದುಕೊಂಡಿತು. ಹಣಕ್ಕೆ ಕೊರತೆಯಿಲ್ಲದ, ಆದರೆ ರೂಪವಿಲ್ಲದ ಊರು ಅದು. ನಗರಸಭೆ ಕೂಡಲು ಯೋಗ್ಯವಾದ ಸ್ಥಳವಿರಲಿಲ್ಲ. ಸಾವಿರಾರು ಜನ ಒಟ್ಟಿಗೆ ಸೇರಬಹುದಾದ ಸಭಾಂಗಣವೂ ಇರಲಿಲ್ಲ.

ನೆರೆಯ ಬ್ರಾಡ್‌ಫರ್ಡ್ ಪಟ್ಟಣದವರು 1851ರಲ್ಲಿ ಸೇಂಟ್ ಜಾರ್ಜಸ್ ಹಾಲ್ ಎಂಬ ಭವನವನ್ನು ಕಟ್ಟಲು ತೊಡಗಿದರು. ಇದನ್ನು ಕಂಡು ಲೀಡ್ಸಿನವರ ಸ್ವಾಭಿಮಾನ ಕೆರಳಿತು. ತಮಗೂ ಒಂದು ಪುರಭವನ ಬೇಕೆಂದು ನಗರಸಭೆ ನಿರ್ಧರಿಸಿ, 1852ರಲ್ಲಿ ನಕ್ಷೆಗಳ ಸ್ಪರ್ಧೆಯನ್ನು ಸಾರಿತು. ಬಂದ ನಕ್ಷೆಗಳನ್ನು ತೂಗಿನೋಡಲು, ಲಂಡನ್ನಿನ ಪಾರ್ಲಿಮೆಂಟು ಭವನವನ್ನು ರೂಪಿಸಿದ ಸರ್ ಚಾರ್ಲ್ಸ್ ಬ್ಯಾರಿಯ ನೆರವನ್ನು ಪಡೆಯಿತು. ಮೊದಲ ಬಹುಮಾನ ಬ್ರಾಡ್ರಿಕ್ಕನ ಪಾಲಿಗೆ ಬಂದಿತು. ಎರಡನೆಯ ಬಹುಮಾನ ಪಡೆದವರು ಯಾರು? ಬ್ರಾಡ್‌ಫರ್ಡಿನ ಭವನವನ್ನು ರೂಪಿಸಿದ ಲಾಕ್‌ವುಡ್ ಮತ್ತು ಮಾಸನ್ ಎಂಬ ಜೊತೆಗಾರರು. ಇವರಲ್ಲಿ ಲಾಕ್‌ವುಡ್ ಬ್ರಾಡ್ರಿಕ್ಕನಿಗೆ ಏಳು ವರ್ಷ ವಿದ್ಯೆ ಕಲಿಸಿದ ಗುರುವೇ. ಶಿಷ್ಯನಿಂದ ಸೋಲುವುದನ್ನು ಗುರು ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತಾರೆ; ಲಾಕ್‌ವುಡ್ಡನಿಗೆ ಆ ಭಾಗ್ಯ ಹೀಗೆ ಒದಗಿಬಂದಿತು.

ಗೆದ್ದ ಶಿಲ್ಪಿಯ ವಯಸ್ಸು ಆಗ ಕೇವಲ ಮೂವತ್ತರ ಸುಮಾರು. ಇಷ್ಟು ದೊಡ್ಡ ಕೆಲಸವನ್ನು ಇಂಥ ಯುವಕನ ಕೈಗೆ ಒಪ್ಪಿಸಬಹುದೇ ಎಂಬ ಶಂಕೆ ನಗರಸಭೆಯ ಸದಸ್ಯರನ್ನು ಕಾಡಿತು. ಅವರು ಬ್ಯಾರಿಯನ್ನೇ ಕೇಳಿದರು. ಈ ಯುವಕನನ್ನು ನಿಶ್ಚಿಂತೆಯಿಂದ ನಂಬಬಹುದೆಂದು ಆ ಹಿರಿಯ ಶಿಲ್ಪಿ ಅಭಯವಿತ್ತನು. ಕೀರ್ತಿಯ ಶಿಖರದಲ್ಲಿದ್ದವನು ಹೆಸರಿಲ್ಲದ ಕಿರಿಯನ ಪರವಾಗಿ ಆಡಿದ ಆ ಒಂದು ಮಾತು ಲೀಡ್ಸಿನ ಚರಿತ್ರೆಯಲ್ಲಿ ಸ್ಮರಣೀಯವಾದುದು. 1853ರ ಆಗಸ್ಟ್ 17ರಂದು ಪುರಭವನದ ಅಸ್ತಿಭಾರವನ್ನು ಹಾಕಲಾಯಿತು.

ಬ್ರಾಡ್ರಿಕ್ಕನ ನಕ್ಷೆಯ ಹಿರಿಮೆ ಅದರ ಸರಳವಾದ ಏರ್ಪಾಡಿನಲ್ಲಿದೆ. ಪುರಭವನದಲ್ಲಿ ಹಲವು ಕೆಲಸಗಳು ಏಕಕಾಲದಲ್ಲಿ ನಡೆಯಬೇಕಾಗಿತ್ತು: ನಗರಸಭೆ, ನ್ಯಾಯಾಲಯಗಳು, ಪೊಲೀಸು ಕಚೇರಿ, ಬಂದಿಗಳ ಕೋಣೆಗಳು, ಇವೆಲ್ಲದರ ಜೊತೆಗೆ ಸಂಗೀತ ಕಚೇರಿಗಳಿಗೂ ಸಾರ್ವಜನಿಕ ಸಭೆಗಳಿಗೂ ಒಂದು ಮಹಾಸಭಾಂಗಣ. ಅವನು ಸಭಾಂಗಣವನ್ನು ಕಟ್ಟಡದ ಹೃದಯಭಾಗದಲ್ಲಿಟ್ಟು, ಉಳಿದವುಗಳನ್ನು ಅದರ ಸುತ್ತಲೂ ಜೋಡಿಸಿದನು. ಈ ಸಭಾಂಗಣ 161 ಅಡಿ ಉದ್ದ, 72 ಅಡಿ ಅಗಲ, 75 ಅಡಿ ಎತ್ತರವಿದೆ. ಹೊರಗಡೆ ಎತ್ತರವಾದ ಜಗತಿಯ ಮೇಲೆ, ಕೊರಿಂಥಿಯನ್ ಎಂಬ ಪ್ರಾಚೀನ ಮಾದರಿಯ ಭಾರಿ ಕಂಬಗಳು ಸಾಲುಗೊಂಡು ನಿಂತಿವೆ. ಕಟ್ಟಡಕ್ಕೆ ಬಳಸಿದ್ದು ಯಾರ್ಕ್‌ಷೈರಿನದೇ ಆದ ಒರಟು ಮರಳುಗಲ್ಲು. ಹೀಗೆ ಕಲ್ಪನೆ ರೋಮಿನಿಂದ ಬಂದಿದ್ದರೂ ಕಲ್ಲು ನೆಲದ್ದೇ ಆಗಿತ್ತು.

ಈ ಕಟ್ಟಡದ ಕತೆಯಲ್ಲಿ ಬಹುಕಾಲ ಚರ್ಚೆಗೆ ಗುರಿಯಾದದ್ದು ಅದರ ಗೋಪುರ. ಮೊದಲು ಒಪ್ಪಿಗೆ ಪಡೆದ ಯೋಜನೆಯಲ್ಲಿ ಈಗ ಕಾಣುವಂಥ ಗೋಪುರವಿರಲಿಲ್ಲ. ಕಟ್ಟಡ ಮೇಲೇಳುತ್ತಿದ್ದಂತೆ, ಗೋಪುರವಿಲ್ಲದೆ ಇದು ಪೂರ್ಣವಾಗದು ಎಂಬ ಭಾವನೆ ಬೆಳೆಯಿತು. ಊರು ಎರಡು ಪಕ್ಷವಾಯಿತು. ಗೋಪುರದಲ್ಲಿ ಯಾರೂ ವಾಸಿಸುವುದಿಲ್ಲ, ಯಾವ ಕಚೇರಿಯೂ ನಡೆಯುವುದಿಲ್ಲ. ಬರಿಯ ಆಡಂಬರಕ್ಕಾಗಿ ತೆರಿಗೆದಾರನ ಹಣವನ್ನು ಸುರಿಯುವುದು ಯಾವ ನ್ಯಾಯ ಎಂದು ಒಂದು ಪಕ್ಷ ಕೇಳಿತು. ಮೊನ್ನೆ ಮೊನ್ನೆ ಕಾಲರಾ ಬಂದುಹೋದ ಊರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಇನ್ನೊಂದು ಪಕ್ಷದ ಮುಂದಾಳು ಡಾಕ್ಟರ್ ಜಾನ್ ಡೀಕಿನ್ ಹೀಟನ್ ಎಂಬ ವೈದ್ಯ. ಜನರ ದೇಹಕ್ಕೆ ಔಷಧ ಕೊಡುತ್ತಿದ್ದ ಅವನೇ ಊರಿಗೆ ಚೆಲುವೂ ಬೇಕೆಂದು ವಾದಿಸಿದನು. ದಿನವೆಲ್ಲ ಹಣದ ಲೆಕ್ಕದಲ್ಲಿ ಮುಳುಗಿರುವ ಊರಿನ ಕಣ್ಣೆದುರಿಗೆ ಘನವಾದ ಒಂದು ಕಟ್ಟಡ ನಿಂತರೆ ಅದು ಜನರ ಅಭಿರುಚಿಯನ್ನು ಮೇಲೆತ್ತುವುದೆಂಬುದು ಅವನ ನಂಬಿಕೆ.

ವಾದವಿವಾದಗಳು ವರ್ಷಗಟ್ಟಲೆ ನಡೆದು, ಕೊನೆಗೆ 1856ರಲ್ಲಿ ಗೋಪುರಕ್ಕೆ ಒಪ್ಪಿಗೆ ದೊರೆಯಿತು. ಕಂಬಗಳ ಸುತ್ತುಸಾಲಿನ ಮೇಲೆ ಗುಮ್ಮಟವನ್ನು ಹೊತ್ತ ಆ ಗೋಪುರ 225 ಅಡಿ ಎತ್ತರವಾಗಿ ಬೆಳೆಯಿತು. ಇದೇ ದಶಕದಲ್ಲಿ ಲೀಡ್ಸಿನಲ್ಲಿ ಒಳಚರಂಡಿಯ ಕೆಲಸವೂ ನಡೆದುದನ್ನು ಇಲ್ಲಿ ನೆನೆಯಬೇಕು. ಗೋಪುರವೋ ಚರಂಡಿಯೋ ಎಂದು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾದ ಸ್ಥಿತಿ ಆ ಊರಿಗೆ ಬರಲಿಲ್ಲ. ಆದರೂ ಕೂಲಿಕಾರರ ಇಕ್ಕಟ್ಟಿನ ಮನೆಗಳು ಆ ಗೋಪುರದ ನೆರಳಿನಲ್ಲಿ ಬಹುಕಾಲ ಹಾಗೆಯೇ ಉಳಿದವೆಂಬುದೂ ಸತ್ಯ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಒಂದು ಊರಿಗೂ ಅನ್ವಯಿಸುತ್ತದೆ. ಸುಮಾರು 40,000 ಪೌಂಡುಗಳಲ್ಲಿ ಮುಗಿಯುವುದೆಂದು ಅಂದಾಜು ಮಾಡಿದ್ದ ಕೆಲಸ ಪೂರ್ಣವಾಗುವಾಗ ಖರ್ಚು 1,20,000 ಪೌಂಡುಗಳನ್ನು ಮೀರಿತ್ತು. ನಡುವೆ ಒದಗಿದ ಕ್ರಿಮಿಯದ ಯುದ್ಧದಿಂದ ಸಾಮಗ್ರಿಯ ಬೆಲೆಯೂ ಕೂಲಿಯೂ ಏರಿದವು. ಕೆಲಸ ನಡೆಯುತ್ತಿದ್ದಂತೆಯೇ ನಕ್ಷೆಗೆ ಹೊಸ ಹೊಸ ಸೇರ್ಪಡೆಗಳಾದವು. ಇವೆಲ್ಲದರ ಪೆಟ್ಟು ಬಿದ್ದದ್ದು ಗುತ್ತಿಗೆದಾರ ಸ್ಯಾಮ್ಯುಯೆಲ್ ಅಟ್ಯಾಕ್ ಎಂಬವನ ಮೇಲೆ. ಕಟ್ಟಡ ಮುಗಿಯುವ ಮೊದಲೇ, 1857ರಲ್ಲಿ, ಅವನು ದಿವಾಳಿಯಾದನು. ಭವ್ಯವಾದ ಕಟ್ಟಡಗಳನ್ನು ಮೆಚ್ಚಿ ನೋಡುವ ನಾವು, ಅವುಗಳ ಕಲ್ಲುಗಳ ನಡುವೆ ಇಂಥವರ ನಿಟ್ಟುಸಿರೂ ಸೇರಿದೆಯೆಂಬುದನ್ನು ಮರೆಯಬಾರದು.

1858ರ ಸೆಪ್ಟೆಂಬರ್ 7ರಂದು ವಿಕ್ಟೋರಿಯಾ ರಾಣಿ ಸ್ವತಃ ಲೀಡ್ಸಿಗೆ ಬಂದು ಪುರಭವನವನ್ನು ತೆರೆದಳು. ಬೀದಿಗಳನ್ನು ಅಲಂಕರಿಸಿದರು, ಜನಸಾಗರವೇ ನೆರೆಯಿತು, ಹೊಸ ಸಭಾಂಗಣದಲ್ಲಿ ಸಂಗೀತೋತ್ಸವ ನಡೆಯಿತು. ಮೇಯರ್ ಪೀಟರ್ ಫೇರ್‌ಬೇರ್ನ್‌ಗೆ ರಾಣಿ ‘ಸರ್’ ಪದವಿಯನ್ನು ದಯಪಾಲಿಸಿದಳು. ಶಿಲ್ಪಿಗೆ ಅಂಥ ಪದವಿ ಬರಲಿಲ್ಲ; ಆದರೆ ಅವನ ಕಟ್ಟಡವೇ ಬೇರೆ ಊರುಗಳಿಗೆ ಮಾದರಿಯಾಯಿತು. ಮುಂದೆ ಬೋಲ್ಟನ್ ಪಟ್ಟಣದಲ್ಲಿ ಎದ್ದ ಪುರಭವನವನ್ನು ನೋಡಿದವರಿಗೆ ಅದರ ಹಿಂದೆ ಲೀಡ್ಸಿನ ನೆರಳಿರುವುದು ತಾನಾಗಿಯೇ ತಿಳಿಯುತ್ತದೆ.

ಪುರಭವನದ ಬಳಿಕ ಬ್ರಾಡ್ರಿಕ್ ಲೀಡ್ಸಿನಲ್ಲಿ ಕಟ್ಟಿದ ಧಾನ್ಯದ ಪೇಟೆಯ ಭವನ, ಅಂದರೆ ಕಾರ್ನ್ ಎಕ್ಸ್‌ಚೇಂಜ್, ಅವನ ಬುದ್ಧಿಶಕ್ತಿಗೆ ಇನ್ನೊಂದು ಸಾಕ್ಷಿ. 1863ರಲ್ಲಿ ಅದು ಬಳಕೆಗೆ ಬಂದಿತು. ಧಾನ್ಯದ ವರ್ತಕರು ಹಿಡಿ ಗೋಧಿಯನ್ನು ಅಂಗೈಯಲ್ಲಿಟ್ಟು, ಅದರ ಬಣ್ಣವನ್ನೂ ತುಂಬನ್ನೂ ನೋಡಿ ಬೆಲೆ ಕಟ್ಟುತ್ತಿದ್ದರು. ಇದಕ್ಕೆ ಬೇಕಾದದ್ದು ಕಣ್ಣು ಕುಕ್ಕದ, ದಿನವೆಲ್ಲ ಒಂದೇ ಸಮನಾದ ಬೆಳಕು. ಆ ಭೂಭಾಗದಲ್ಲಿ ಸೂರ್ಯನು ದಕ್ಷಿಣದ ಕಡೆಗೆ ವಾಲಿ ಸಂಚರಿಸುವುದರಿಂದ ಉತ್ತರ ದಿಕ್ಕಿನಿಂದ ಬರುವ ಬೆಳಕು ಶಾಂತವಾಗಿರುತ್ತದೆ. ಇದನ್ನು ಅರಿತ ಬ್ರಾಡ್ರಿಕ್, ಮೊಟ್ಟೆಯಾಕಾರದ ಕಟ್ಟಡವನ್ನು ಕಬ್ಬಿಣದ ಪಕ್ಕೆಗಳುಳ್ಳ ಗುಮ್ಮಟದಿಂದ ಮುಚ್ಚಿ, ಅದರ ಉತ್ತರ ಭಾಗದಲ್ಲಿ ವಿಶಾಲವಾದ ಗಾಜನ್ನು ಕೂರಿಸಿದನು. ಸುಮಾರು 190 ಅಡಿ ಉದ್ದ, 136 ಅಡಿ ಅಗಲವಿರುವ ಈ ಭವನದ ನಡುವೆ ಒಂದು ಕಂಬವೂ ಇಲ್ಲ. ಸುತ್ತಲೂ ವರ್ತಕರ ಕೊಠಡಿಗಳು. ನಡುವೆ ಬಯಲಿನಂಥ ಅಂಗಳ. ಹೊರಗೋಡೆಯ ಒಂದೊಂದು ಕಲ್ಲನ್ನೂ ವಜ್ರದ ಮೊನೆಯಂತೆ ಕಡೆದಿರುವುದರಿಂದ ಬೆಳಕುನೆರಳುಗಳು ಅದರ ಮೇಲೆ ಆಟವಾಡುತ್ತವೆ. ಪ್ಯಾರಿಸ್ಸಿನ ಧಾನ್ಯಪೇಟೆಯ ಗುಮ್ಮಟ ಅವನಿಗೆ ಸ್ಫೂರ್ತಿಯಾಗಿತ್ತು. ಆದರೆ ವರ್ತಕನ ಅಂಗೈ ಮೇಲಿನ ಕಾಳಿಗೆ ಬೆಳಕು ಹೇಗೆ ಬೀಳಬೇಕೆಂದು ಯೋಚಿಸಿ ಗುಮ್ಮಟವನ್ನು ಅಳವಡಿಸಿದ್ದು ಅವನ ಸ್ವಂತ ಜಾಣ್ಮೆ. ಉಪಯೋಗ ಬೇರೆ, ಸೌಂದರ್ಯ ಬೇರೆ ಎಂಬ ಭೇದ ಈ ಕಟ್ಟಡದಲ್ಲಿ ಇಲ್ಲವಾಗಿದೆ.

ದಿನವೆಲ್ಲ ದುಡಿದ ಕೆಲಸಗಾರರು ಸಂಜೆಯ ವೇಳೆ ವಿಜ್ಞಾನ, ಚಿತ್ರಲೇಖನ ಮೊದಲಾದ ವಿದ್ಯೆಗಳನ್ನು ಕಲಿಯಲೆಂದು ಇಂಗ್ಲೆಂಡಿನ ಪಟ್ಟಣಗಳಲ್ಲಿ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಗಳು ಹುಟ್ಟಿಕೊಂಡಿದ್ದವು. ಲೀಡ್ಸಿನ ಅಂಥ ಸಂಸ್ಥೆಗೆ ಬ್ರಾಡ್ರಿಕ್ 1865ರಿಂದ 1868ರವರೆಗೆ ಒಂದು ಭವನವನ್ನು ಕಟ್ಟಿದನು. ಇದರ ನಡುವೆ ದುಂಡಗಿನ ಉಪನ್ಯಾಸ ಮಂದಿರ, ಸುತ್ತಲೂ ತರಗತಿಗಳು. ಅರಮನೆಗೆ ಒಪ್ಪುವಂಥ ಹೆಬ್ಬಾಗಿಲನ್ನು ಅವನು ಕಾರ್ಮಿಕರ ವಿದ್ಯಾಲಯಕ್ಕೆ ಇಟ್ಟನು. ಅದೇ ಬೀದಿಯಲ್ಲಿ ಅರಬ್ ದೇಶಗಳ ಶೈಲಿಯನ್ನು ಅನುಸರಿಸಿ, ಮಿನಾರುಗಳಿಂದಲೂ ಬಣ್ಣದ ಇಟ್ಟಿಗೆಗಳಿಂದಲೂ ಶೋಭಿಸುವ ಒಂದು ಸ್ನಾನಗೃಹವನ್ನೂ ನಿರ್ಮಿಸಿದನು.

ಸಮುದ್ರತೀರದ ಸ್ಕಾರ್ಬರೋದಲ್ಲಿ ಅವನು ರೂಪಿಸಿದ ಗ್ರ್ಯಾಂಡ್ ಹೋಟೆಲ್ 1867ರಲ್ಲಿ ಆರಂಭವಾಯಿತು. ಕಡಿದಾದ ಬಂಡೆಯಂಚಿನಲ್ಲಿ ಹಳದಿ ಇಟ್ಟಿಗೆಯಿಂದ ಎದ್ದುನಿಂತ ಇದು ಆ ಕಾಲಕ್ಕೆ ಯೂರೋಪಿನ ಅತಿದೊಡ್ಡ ಹೋಟೆಲುಗಳಲ್ಲಿ ಒಂದೆನಿಸಿತ್ತು. ಇದರ ಕಲ್ಪನೆಯಲ್ಲಿ ಒಂದು ವಿನೋದವಿದೆ. ನಾಲ್ಕು ಋತುಗಳಿಗೆ ನಾಲ್ಕು ಗೋಪುರ, ಹನ್ನೆರಡು ತಿಂಗಳಿಗೆ ಹನ್ನೆರಡು ಅಂತಸ್ತು, ವರ್ಷದ ವಾರಗಳಿಗೆ 52 ಹೊಗೆಗೂಡು, ದಿನಗಳಿಗೆ 365 ಮಲಗುವ ಕೋಣೆ. ಹೀಗೆ ಒಂದು ಇಡೀ ವರ್ಷವನ್ನೇ ಅವನು ಇಟ್ಟಿಗೆಯಲ್ಲಿ ಕಟ್ಟಿ ನಿಲ್ಲಿಸಿದನು.

ಇಷ್ಟೆಲ್ಲ ಸಾಧಿಸಿದವನ ಮುಂದಿನ ಬದುಕು ಕೀರ್ತಿಯಿಂದ ಕೀರ್ತಿಗೆ ಸಾಗಿರಬೇಕೆಂದು ನಾವು ಊಹಿಸುತ್ತೇವೆ. ಹಾಗಾಗಲಿಲ್ಲ. ಲಂಡನ್ನಿನ ಸ್ಪರ್ಧೆಗಳಲ್ಲಿಯೂ ಅವನು ನಕ್ಷೆಗಳನ್ನು ಸಲ್ಲಿಸಿದನು, ಗೆಲುವು ಒಲಿಯಲಿಲ್ಲ. ಚೂಪುಕಮಾನುಗಳ ಗಾಥಿಕ್ ಶೈಲಿಗೆ ಜನರ ಒಲವು ಹರಿಯುತ್ತಿದ್ದ ಕಾಲ ಅದು. ರೋಮನ್ ಕಂಬಸಾಲುಗಳ ಉಪಾಸಕನಾದ ಬ್ರಾಡ್ರಿಕ್ ಅದಕ್ಕೆ ಒಗ್ಗುವವನಾಗಿರಲಿಲ್ಲ. ಐವತ್ತು ವರ್ಷ ತುಂಬುವ ಸುಮಾರಿಗೇ ಅವನು ಲೀಡ್ಸನ್ನು ತೊರೆದು ಫ್ರಾನ್ಸಿಗೆ ಹೋದನು. ಪ್ಯಾರಿಸ್ಸಿನ ಬಳಿಯಲ್ಲಿ ನೆಲಸಿ ಚಿತ್ರ ಬರೆಯುತ್ತ, ತೋಟ ಬೆಳೆಸುತ್ತ ಕಾಲ ಕಳೆದನು. ಕೊನೆಯ ದಿನಗಳನ್ನು ಜರ್ಸಿ ದ್ವೀಪದಲ್ಲಿ ಕಳೆದು, 1905ರಲ್ಲಿ, ತನ್ನ 83ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮೂವತ್ತಕ್ಕೂ ಹೆಚ್ಚು ವರ್ಷಗಳ ಮೌನ ಅವನ ಬದುಕಿನ ಉತ್ತರಾರ್ಧವನ್ನು ಆವರಿಸಿದೆ.

ಅವನ ಕಟ್ಟಡಗಳಿಗೂ ಒಂದೊಂದು ವಿಧಿ ಕಾದಿತ್ತು. ಹುಟ್ಟೂರಾದ ಹಲ್ಲಿನಲ್ಲಿ 1862ರಿಂದ 1866ರವರೆಗೆ ಅವನು ಕಟ್ಟಿದ ಪುರಭವನವನ್ನು, ಅರ್ಧ ಶತಮಾನ ತುಂಬುವ ಮೊದಲೇ, ಇನ್ನೂ ದೊಡ್ಡ ಕಟ್ಟಡಕ್ಕಾಗಿ ಕೆಡವಿದರು. ಅದರ ಕಿರುಗುಮ್ಮಟ ಮಾತ್ರ ಊರಿನ ಪಿಯರ್ಸನ್ ಉದ್ಯಾನದಲ್ಲಿ ನೆನಪಿಗೆಂದು ಉಳಿಯಿತು. ಅಲ್ಲಿಯ ರಾಯಲ್ ಇನ್‌ಸ್ಟಿಟ್ಯೂಷನ್ 1943ರಲ್ಲಿ ಬಾಂಬಿಗೆ ಆಹುತಿಯಾಯಿತು. ಸ್ಕಾರ್ಬರೋದ ಹೋಟೆಲಿಗೆ 1914ರ ಡಿಸೆಂಬರಿನಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡುಗಳು ತಗಲಿದವು. ಲೀಡ್ಸಿನ ಸ್ನಾನಗೃಹವನ್ನು 1969ರಲ್ಲಿ ಕೆಡವಿದರು.

ಆದರೆ ಲೀಡ್ಸಿನ ಮೂರು ಹಿರಿಯ ಕಟ್ಟಡಗಳು ಉಳಿದವು. ಉಳಿದದ್ದು ಹೇಗೆ ಎಂಬುದನ್ನು ಗಮನಿಸಬೇಕು. ಧಾನ್ಯವ್ಯಾಪಾರದ ರೀತಿ ಬದಲಾದ ಮೇಲೆ ಕಾರ್ನ್ ಎಕ್ಸ್‌ಚೇಂಜ್ ಮಂಕಾಗಿತ್ತು. ಅದನ್ನು ದುರಸ್ತಿಗೊಳಿಸಿ 1990ರಲ್ಲಿ ಅಂಗಡಿಗಳ ಭವನವಾಗಿ ತೆರೆದರು. ಕಾರ್ಮಿಕರ ವಿದ್ಯಾಲಯ ನಾಟಕಮಂದಿರವಾಗಿ, 2008ರಲ್ಲಿ ನಗರದ ವಸ್ತುಸಂಗ್ರಹಾಲಯವಾಯಿತು. ಪುರಭವನವು ಹೊಗೆಮಸಿಯಿಂದ ಕಪ್ಪಾಗಿ, 1941ರ ಬಾಂಬು ದಾಳಿಯಲ್ಲಿ ಪೆಟ್ಟು ತಿಂದು, 1970ರ ದಶಕದಲ್ಲಿ ತೊಳೆಸಿಕೊಂಡು ಮತ್ತೆ ತನ್ನ ಕಲ್ಲಿನ ಬಣ್ಣವನ್ನು ಪಡೆಯಿತು. ನಗರಸಭೆ 1933ರಲ್ಲಿ ಹೊಸ ಭವನಕ್ಕೆ ತೆರಳಿದರೂ ಸಭಾಂಗಣದಲ್ಲಿ ಸಂಗೀತ ನಿಲ್ಲಲಿಲ್ಲ. ಪ್ರತಿಯೊಂದು ತಲೆಮಾರೂ ಈ ಕಟ್ಟಡಗಳಿಗೆ ಹೊಸ ಕೆಲಸವೊಂದನ್ನು ಹುಡುಕಿಕೊಟ್ಟಿತು. ವಿಶಾಲವಾಗಿ, ಗಟ್ಟಿಯಾಗಿ ಕಟ್ಟಿದ್ದರಿಂದ ಅವು ಆ ಕೆಲಸಕ್ಕೂ ಒದಗಿದವು.

ಗೋಪುರದಿಂದ ಪ್ರಯೋಜನವೇನು ಎಂದು ಅಂದು ಕೇಳಿದವರು ಅವಿವೇಕಿಗಳಲ್ಲ. ಸಾರ್ವಜನಿಕರ ಹಣವನ್ನು ಖರ್ಚು ಮಾಡುವಾಗ ಇಂಥ ಪ್ರಶ್ನೆಯನ್ನು ಕೇಳಲೇಬೇಕು. ಕೇಳುವವರಿಲ್ಲದ ಊರಿನಲ್ಲಿ ಹಣ ಪೋಲಾಗುತ್ತದೆ. ಆದರೆ ಪ್ರಯೋಜನವನ್ನು ಇಂದಿನ ಲೆಕ್ಕದಿಂದ ಮಾತ್ರ ಅಳೆದರೆ ಮುಂದಿನವರಿಗೆ ಉಳಿಯುವುದು ಸ್ವಲ್ಪವೇ. ತನ್ನ ಮನೆಯನ್ನು ಚೆನ್ನಾಗಿಟ್ಟುಕೊಳ್ಳಲು ಎಲ್ಲರೂ ಬಲ್ಲರು. ಎಲ್ಲರಿಗೂ ಸೇರಿದ ಮನೆಯನ್ನು ತನ್ನದಕ್ಕಿಂತ ಚೆನ್ನಾಗಿ ಕಟ್ಟುವುದಕ್ಕೆ ದೊಡ್ಡ ಮನಸ್ಸು ಬೇಕು. ಲೀಡ್ಸಿನ ಜನ ಜಗಳವಾಡುತ್ತಲೇ, ಗೊಣಗುತ್ತಲೇ, ಅಂಥ ಮನಸ್ಸನ್ನು ತೋರಿದರು. ಅವರ ಆ ಮನಸ್ಸಿಗೆ ಕಲ್ಲಿನ ರೂಪವನ್ನು ಕೊಟ್ಟದ್ದು ಪ್ರಾಂತದ ಒಬ್ಬ ಯುವಕನ ಪ್ರತಿಭೆ. ಅವನು ಜರ್ಸಿ ದ್ವೀಪದ ಮಣ್ಣಿನಲ್ಲಿ ಮಲಗಿದ್ದಾನೆ. ಬೇಡವೆಂದು ಹಲವರು ಹೇಳಿದ್ದ ಅವನ ಗೋಪುರ ಆ ಊರಿನ ಗುರುತಾಗಿ ನಿಂತಿದೆ.